ಸೊನ್ನೆ ಒಂದು, ಒಂದು ಸೊನ್ನೆ

ಕೋಪರಿಯ ಜಯಲತಾಳಿಗೆ ಸಿಟ್ಟು ಬರಿಸಬೇಕೆಂದರೆ ಇವತ್ತಿಗೂ ಹೆಚ್ಚು ಕಷ್ಟಪಡಬೇಕಾಗಿಲ್ಲ. ಅವಳೆದುರು ನಿಂತು "ಆಲ್ಟರ್ನೇಟ್ ಅಂದ್ರೆ ಆಲ್ಟರ್ನೇಟ್" ಅಂದುಬಿಟ್ಟರೆ ಸಾಕು. ಕೈಯಲ್ಲಿದ್ದ ಚಹಾದ ಲೋಟ ಕೆಳಗಿಡುತ್ತಾಳೆ, ಕನ್ನಡಕ ತೆಗೆಯುತ್ತಾಳೆ. ಆಮೇಲೆ ನೀವು ಹಿಡಿಯಬೇಕಾಗಿದ್ದ ಲೋಕಲ್ ರೈಲು ತಪ್ಪಿತೆಂದೇ ತಿಳಿಯಿರಿ. ಆ ಮಾತಿನ ಹಿಂದೆ ಒಂದು ಬೇಸಗೆ ಇದೆ, ಒಂದು ನೀರಿನ ಟಾಕಿ ಇದೆ, ಗಿರಿಜವ್ವನ ಜೋಳದ ರೊಟ್ಟಿ ಇದೆ. ಅವಳಷ್ಟು ಏರುದನಿಯಲ್ಲಿ ಹೇಳಲು ನನಗೆ ಬಾರದು. ಬಂದಷ್ಟು ಹೇಳುತ್ತೇನೆ.

ಠಾಣೆ ಸ್ಟೇಷನ್ನಿನ ಪೂರ್ವಕ್ಕೆ, ಈ ಕೋಪರಿಯಲ್ಲಿ, ಮೊದಲು ಒಂದು ಚಾಳ ಇತ್ತು. ಮರದ ಮೆಟ್ಟಿಲು, ಉದ್ದನೆಯ ಮೊಗಸಾಲೆ, ಸಾಲಾಗಿ ಖೋಲಿಗಳು. ಮೊಗಸಾಲೆಯ ಈ ತುದಿಯ ಖೋಲಿ ದೇಜಪ್ಪನದು. ಕಾರ್ಕಳದ ಕಡೆಯಿಂದ ಬಂದು ಹೋಟೆಲಿನ ಗಲ್ಲೆಗೆ, ಅಂದರೆ ಹಣದ ಪೆಟ್ಟಿಗೆಗೆ, ಕೂತವನು. ಜಯಲತಾ ಅವನ ಒಬ್ಬಳೇ ಮಗಳು. ಆ ತುದಿಯ ಖೋಲಿ ಗದಗಿನ ಕಡೆಯ ಸೋಮಣ್ಣ, ಗಿರಿಜವ್ವ ದಂಪತಿಯದು. ಜಯಲತಾ ಶಾಲೆಗೆ ಹೋಗುತ್ತಿದ್ದಾಗಲೇ ತಾಯಿ ತೀರಿಕೊಂಡಳು. ಆಮೇಲೆ ಅವಳ ತಲೆ ಬಾಚಿದ್ದು, ಹೊಟ್ಟೆ ನೋಡಿದ್ದು, ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ್ದು ಗಿರಿಜವ್ವ. ತುಳು ಅಪ್ಪನಿಂದ ಬಂತು, ಮರಾಠಿ ಶಾಲೆಯಿಂದ ಬಂತು, ಬೈಯುವುದು ಮಾತ್ರ ಗಿರಿಜವ್ವನಿಂದಲೇ ಬಂತು ಎಂದು ಜಯಲತಾ ಈಗಲೂ ಹೇಳುವುದುಂಟು.

ಚಾಳಿಗೆ ಒಂದೇ ನಳ. ನೀರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬೆಳಗಿನದು ಧೋ ಎಂದು ಬೀಳುತ್ತಿತ್ತು, ಸಂಜೆಯದು ದಾರದ ಹಾಗೆ. ಹಾಗಾಗಿ ಬಾಲ್ದಿಗಳ ಸಾಲಿಗೆ ಒಂದು ಕಟ್ಟಳೆ ಇತ್ತು. ಇವತ್ತು ಸಾಲು ದೇಜಪ್ಪನ ತುದಿಯಿಂದ ಶುರುವಾದರೆ ನಾಳೆ ಗಿರಿಜವ್ವನ ತುದಿಯಿಂದ. ಬೆಳಿಗ್ಗೆ ನೀರು ಸಿಗದೆ ಉಳಿದವರಿಗೆ ಸಂಜೆಯದು. ಮರುದಿನ ಅವರೇ ಮೊದಲು. ಈ ಕಟ್ಟಳೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಮೀರಿದವರ ಬಾಲ್ದಿ ಮೆಟ್ಟಿಲಿನಿಂದ ತಾನಾಗಿಯೇ ಉರುಳುತ್ತಿತ್ತು. ಉರುಳಿಸಿದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಗಿರಿಜವ್ವನನ್ನು ಕೇಳುತ್ತಿರಲಿಲ್ಲ.

ಜಯಲತಾ ನಕ್ಷೆ ಬರೆಯುವ ಡಿಪ್ಲೊಮಾ ಮಾಡಿದಳು. ವಾಶಿಯ ಒಂದು ಆಫೀಸಿಗೆ ಸೇರಿದಳು. ದೊಡ್ಡ ಕಟ್ಟಡಗಳ ಮುಖಕ್ಕೆ ಹೊದಿಸುವ ಲೋಹದ ಹಲಗೆಗಳನ್ನು ಅಲ್ಲಿ ಕಂಪ್ಯೂಟರಿನಲ್ಲಿ ರೂಪಿಸುತ್ತಾರೆ. ಅವರ ಸಾಫ್ಟ್‌ವೇರಿನಲ್ಲಿ ಅಕ್ಷರ ಬರೆಯುವ ಕೆಲಸ ಕಡಿಮೆ. ಪರದೆಯ ಮೇಲೆ ಸಣ್ಣ ಸಣ್ಣ ಡಬ್ಬಿಗಳು, ಒಂದೊಂದು ಡಬ್ಬಿಗೆ ಒಂದೊಂದು ಕೆಲಸ. ಒಂದು ಡಬ್ಬಿ ಎಣಿಸುತ್ತದೆ, ಇನ್ನೊಂದು ಭಾಗಿಸುತ್ತದೆ, ಮತ್ತೊಂದು ಉಳಿದ ಶೇಷವನ್ನು ಕೊಡುತ್ತದೆ. ಈ ಡಬ್ಬಿಯಿಂದ ಆ ಡಬ್ಬಿಗೆ ತಂತಿ ಎಳೆದರೆ ಕೊನೆಯಲ್ಲಿ ಬೇಕಾದ ಚಿತ್ರ. ಒಂದು ಹಲಗೆ ಎಡಕ್ಕೆ, ಮುಂದಿನದು ಬಲಕ್ಕೆ, ಮತ್ತೆ ಎಡಕ್ಕೆ ತಿರುಗಬೇಕೆಂದರೆ ಜಯಲತಾ ಎಣಿಕೆಯ ಡಬ್ಬಿಯನ್ನು ಎರಡರಿಂದ ಭಾಗಿಸಿ ಶೇಷ ಹಿಡಿಯುತ್ತಾಳೆ. ಸೊನ್ನೆ, ಒಂದು, ಸೊನ್ನೆ, ಒಂದು ಎಂದು ಸಂಖ್ಯೆಗಳು ಸಾಲಾಗಿ ಇಳಿಯುತ್ತವೆ. ಸೊನ್ನೆಗೆ ಎಡ, ಒಂದಕ್ಕೆ ಬಲ. ತಲೆ ತಿನ್ನುವ ಕಂಪ್ಯೂಟರಿನಲ್ಲಿ ಹೂ ಕಟ್ಟಿದ ಹಾಗೆ ಆಗುವ ಕೆಲಸ ಇದೊಂದೇ ಎಂದು ಅವಳಿಗೆ ಅದರ ಮೇಲೆ ಪ್ರೀತಿ. ಮದುವೆಯಾಯಿತು, ಗಂಡ ಲತೀಶ ವಾಶಿ ಮಾರ್ಕೆಟಿನಿಂದ ಹೋಟೆಲುಗಳಿಗೆ ತರಕಾರಿ ಹಾಕುವವನು. ತಂದೆಯ ಖೋಲಿಯಲ್ಲೇ ಸಂಸಾರ ನಡೆಯಿತು.

ಆಮೇಲೆ ಬಿಲ್ಡರ್ ಬಂದ. ಚಾಳ ಬಿತ್ತು. ಅದೇ ಜಾಗದಲ್ಲಿ ಒಂದೇ ಗೇಟಿನೊಳಗೆ ಎರಡು ವಿಂಗು ಎದ್ದವು. ಹೊಸದಾಗಿ ಕೊಂಡು ಬಂದವರಿಗೆ ಎ ವಿಂಗು, ಚಾಳಿನ ಹಳಬರಿಗೆ ಖೋಲಿಯ ಬದಲಿಗೆ ದುಡ್ಡಿಲ್ಲದೆ ಬಿ ವಿಂಗು. ಎ ವಿಂಗಿನ ಲಿಫ್ಟಿನಲ್ಲಿ ಕನ್ನಡಿ, ಬಿ ವಿಂಗಿನ ಲಿಫ್ಟಿನಲ್ಲಿ ಪಾನ್ ಉಗುಳಬೇಡಿ ಎಂಬ ಬೋರ್ಡು. ನಲವತ್ತು ವರ್ಷ ಆ ನೆಲಕ್ಕೆ ಬಾಡಿಗೆ ಕೊಟ್ಟವರನ್ನು ಎ ವಿಂಗಿನವರು "ಫ್ರೀವಾಲೆ" ಎಂದು ಕರೆಯುತ್ತಿದ್ದರು. ಕೇಳಿಸಲಿ ಎಂದೇ ಕರೆಯುತ್ತಿದ್ದರು.

ಸೊಸೈಟಿಯ ಚೇರ್ಮನ್ ಪೂವಪ್ಪ. ಎ ವಿಂಗಿನ ಮೇಲಿನ ಮಹಡಿಯಲ್ಲಿ ಮನೆ, ಸ್ವಂತದ ಮೂರು ಹೋಟೆಲು. ಆ ಮೂರರ ಪೈಕಿ ಹಳೆಯದರಲ್ಲೇ ದೇಜಪ್ಪ ಗಲ್ಲೆಗೆ ಕೂತಿದ್ದು. ಎರಡು ವಿಂಗಿಗೂ ನೆಲದಡಿ ಒಂದೇ ಟಾಕಿ, ಒಂದೇ ಪಂಪು. ಪಂಪಿನ ನೀರು ಯಾವ ವಿಂಗಿನ ಮೇಲ್ಟಾಕಿಗೆ ಹೋಗಬೇಕೆಂದು ವಾಲ್ವು ತಿರುಗಿಸುವ ವಿಷಯದಲ್ಲಿ ದಿನಾ ಜಗಳ. ಆಗ ಪೂವಪ್ಪನೇ ಜಯಲತಾಳನ್ನು ಕರೆಸಿದ.

"ನಮ್ಮ ಊರಿನ ಹುಡುಗಿ ಇರುವಾಗ ಹೊರಗಿನವರು ಯಾಕೆ ಮಾರಾಯ್ತಿ? ನೀನು ಎಂತದೋ ತಂತಿ ಎಳೀತಿ ಅಲ್ವಾ ಕಂಪ್ಯೂಟರಿನಲ್ಲಿ. ಇದಕ್ಕೂ ಒಂದು ಎಳೆ. ಮನುಷ್ಯನ ಕೈಯೇ ಬೇಡ."

ಅವಳಿಗೆ ಖುಷಿಯಾಯಿತು. ತನ್ನ ಆಫೀಸಿನ ಸಾಫ್ಟ್‌ವೇರಿನ ಜಾತಿಯದೇ ಇನ್ನೊಂದು, ವಾಲ್ವು ಪಂಪುಗಳಿಗೆಂದೇ ಇರುವುದನ್ನು ಹುಡುಕಿ, ರಜೆಯ ದಿನಗಳಲ್ಲಿ ಪಂಪ್ ರೂಮಿನಲ್ಲಿ ಕೂತು ಡಬ್ಬಿ ಜೋಡಿಸಿದಳು. ಪ್ರತಿ ಸಲ ನೀರು ಬಂದ ಕೂಡಲೇ ಎಣಿಕೆಯ ಡಬ್ಬಿ ಸೊನ್ನೆಯಿಂದ ಶುರುಮಾಡಿ ಒಂದೊಂದಾಗಿ ಎಣಿಸಬೇಕು, ಎರಡರಿಂದ ಭಾಗಿಸಬೇಕು, ಶೇಷ ಸೊನ್ನೆಯಾದರೆ ಎ ವಿಂಗಿನ ವಾಲ್ವು ತೆರೆಯಬೇಕು, ಒಂದಾದರೆ ಬಿ ವಿಂಗಿನದು. ಮಳೆಗಾಲದ ಒಂದು ಬೆಳಿಗ್ಗೆ ತೆಂಗಿನಕಾಯಿ ಒಡೆದು ಚಾಲೂ ಮಾಡಿದರು. ಪರದೆಯ ಮೇಲೆ ಸೊನ್ನೆ, ಒಂದು, ಸೊನ್ನೆ, ಒಂದು ಇಳಿಯುವುದನ್ನು ಪೂವಪ್ಪ ಎಲ್ಲರಿಗೂ ಬೆರಳಿಟ್ಟು ತೋರಿಸಿದ. "ಒಮ್ಮೆ ನಮಗೆ, ಒಮ್ಮೆ ನಿಮಗೆ. ಇದಕ್ಕಿಂತ ನ್ಯಾಯ ಎಂತ ಬೇಕು?"

ಮಳೆಗಾಲದಲ್ಲಿ ಯಾವ ನ್ಯಾಯವೂ ಒಳ್ಳೆಯದೇ. ಬೆಳಿಗ್ಗೆಯೂ ನೀರು, ಸಂಜೆಯೂ ನೀರು.

ಮಾರ್ಚ್ ಬಂದ ಮೇಲೆ ಬಿ ವಿಂಗಿನ ನಳಗಳು ಬೆಳಿಗ್ಗೆಯೇ ಕೆಮ್ಮತೊಡಗಿದವು. ಮೇಲಿನ ಮಹಡಿಯಲ್ಲಿದ್ದ ಗಿರಿಜವ್ವನ ಮನೆಯಲ್ಲಿ ಹೊತ್ತು ಏರುವ ಮೊದಲೇ ಖಾಲಿ. ಅವಳಿಗೆ ನೀರೆಂದರೆ ಬರೀ ಸ್ನಾನ ಅಡಿಗೆಯಲ್ಲ. ಸೋಮಣ್ಣ ಹೋದ ಮೇಲೆ ಅವಳು ಜೋಳದ ರೊಟ್ಟಿ ಬಡಿದೇ ಮನೆ ನಿಲ್ಲಿಸಿದವಳು. ಬೆಳಿಗ್ಗೆ ಎಸರಿಟ್ಟು ಹಿಟ್ಟು ನಾದಿದರೆ ಅವಳ ರೊಟ್ಟಿ ಕಲ್ಯಾಣದ ಮೆಸ್ಸಿಗೂ ಐರೋಲಿಯ ಆಫೀಸುಗಳಿಗೂ ಹೋಗುತ್ತಿತ್ತು. ಮಗ ವಿಜಯಕುಮಾರ ಕೆಲಸಕ್ಕೆ ಹೋಗುತ್ತಾ ಮುಟ್ಟಿಸುತ್ತಿದ್ದ. ಈಗ ಎಸರಿಗೇ ನೀರಿಲ್ಲ. ಒಂದೊಂದೇ ಆರ್ಡರು ಬಿಟ್ಟುಹೋಯಿತು. ವಿಜಯಕುಮಾರ ಬದಲಾಪುರದಲ್ಲಿ ಬೋರಿನ ನೀರಿರುವ ಬಾಡಿಗೆ ಮನೆ ನೋಡಿ ಬಂದ. ಮಳೆ ಬೀಳುವ ಮೊದಲು ಹೋಗಿಬಿಡುವುದೆಂದು ಮಾತಾಯಿತು.

ಗಿರಿಜವ್ವ ಜಯಲತಾಳನ್ನು ಮೆಟ್ಟಿಲಲ್ಲೇ ಹಿಡಿದಳು.

"ಏನವಾ ಇಂಜಿನೇರಬಾಯಿ, ನಿನ್ನ ಕಂಪ್ಯೂಟರದಾಗ ನಮ್ಮ ಪಾಳಿ ಎಲ್ಲಿ ಐತಿ ತೋರಸು."

"ಉಂಟಲ್ಲ ಗಿರಿಜವ್ವ. ಒಮ್ಮೆ ಅವರಿಗೆ, ಒಮ್ಮೆ ನಮಗೆ. ಸಮ ಉಂಟು. ಆಲ್ಟರ್ನೇಟ್."

"ಸಮ ಇದ್ದರ ಅವರು ದಿನಾ ಕಾರು ತೊಳೀತಾರ, ನನ್ನ ಹಿಟ್ಟು ನಾದೋ ಕೊಮ್ಮಣಗಿ ಯಾಕ ಒಣಗೇತಿ?"

"ಅದು ನನಗೆ ಹೇಗೆ ಗೊತ್ತಾಗ್ಬೇಕು? ಲೆಕ್ಕ ಸರಿ ಉಂಟು."

ಗಿರಿಜವ್ವ ತಿರುಗಿ ತನ್ನ ಬಾಗಿಲಿಗೆ ಹೋದಳು. "ಪೂವಪ್ಪನ ಗಲ್ಲೆಕ್ಕ ನಿಮ್ಮಪ್ಪ ಕುಂತ. ನೀ ಅವನ ನೀರಿಗೆ ಕುಂತಿ" ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಮಾತು ನಿಂತಿತು. ಶನಿವಾರಕ್ಕೊಮ್ಮೆ ಬರುತ್ತಿದ್ದ ರೊಟ್ಟಿಯ ಗಂಟೂ ನಿಂತಿತು. ತಾಯಿಯಿಲ್ಲದವಳಿಗೆ ತಾಯಾದವಳು ಬದಲಾಪುರಕ್ಕೆ ಹೋಗುವವಳಿದ್ದಳು. ಹೋಗುವಾಗ ಈ ಮಾತನ್ನು ನಂಬಿಕೊಂಡೇ ಹೋಗುವವಳಿದ್ದಳು. ಜಯಲತಾಳಿಗೆ ಊಟ ಸೇರಲಿಲ್ಲ.

ಉತ್ತರ ಸಿಕ್ಕಿದ್ದು ವಾಶಿಯ ಆಫೀಸಿನಲ್ಲಿ. ಒಂದು ಕಟ್ಟಡದ ಮುಖಕ್ಕೆ ಚದುರಂಗದ ಮಣೆಯ ಹಾಗೆ, ಒಂದು ಕಪ್ಪು ಒಂದು ಬಿಳಿ ಹಲಗೆ ಬೇಕಿತ್ತು. ಹೊಸದಾಗಿ ಸೇರಿದ ಶ್ರೀಪ್ರಿಯಾ ಎಂಬ ಹುಡುಗಿ ಡಬ್ಬಿ ಜೋಡಿಸಿ, "ಮ್ಯಾಡಮ್, ಆಲ್ಟರ್ನೇಟ್ ಹಾಕಿದೀನಿ, ಆದ್ರೂ ನೋಡಿ ಹೆಂಗೆ ಬಂದಿದೆ" ಎಂದು ಕರೆದಳು. ಪರದೆಯ ಮೇಲೆ ಚದುರಂಗ ಇರಲಿಲ್ಲ. ಮೇಲಿಂದ ಕೆಳಗೆ ಉದ್ದುದ್ದ ಪಟ್ಟೆಗಳು ಬಂದಿದ್ದವು, ಒಂದು ಪೂರಾ ಕಪ್ಪು, ಒಂದು ಪೂರಾ ಬಿಳಿ.

"ಒಂದು ಸಾಲಿಗೆ ಎಷ್ಟು ಹಲಗೆ?" ಜಯಲತಾ ಕೇಳಿದಳು.

"ಹನ್ನೆರಡು."

"ಸಮಸಂಖ್ಯೆ ಅಲ್ವಾ, ಅದಕ್ಕೇ. ಸಾಲು ಕಪ್ಪಿನಿಂದ ಶುರುವಾಗಿ ಬಿಳಿಯಲ್ಲಿ ಮುಗೀತದೆ. ಕೆಳಗಿನ ಸಾಲು ಮತ್ತೆ ಕಪ್ಪಿಂದಲೇ ಶುರು. ಕಪ್ಪಿನ ಕೆಳಗೆ ಕಪ್ಪೇ ಬರ್ತದೆ. ಪ್ರತಿ ಸಾಲಿಗೂ ಶುರು ಬದಲಾಗ್ಬೇಕು, ಆಗ..."

ಮಾತು ಅಲ್ಲೇ ನಿಂತಿತು. ದಿನವೆಂದರೆ ಒಂದು ಸಾಲು. ಸಾಲಿಗೆ ಎರಡೇ ಹಲಗೆ, ಬೆಳಿಗ್ಗೆ ಮತ್ತು ಸಂಜೆ. ಸೊನ್ನೆ ಒಂದು, ಸೊನ್ನೆ ಒಂದು. ಬೆಳಗಿನ ಕೆಳಗೆ ಬೆಳಗು, ಪ್ರತಿ ಬೆಳಗೂ ಸೊನ್ನೆ. ಸಂಜೆಯ ಕೆಳಗೆ ಸಂಜೆ, ಪ್ರತಿ ಸಂಜೆಯೂ ಒಂದು. ಕಾಯಿ ಒಡೆದ ದಿನದಿಂದ ಎ ವಿಂಗಿಗೆ ಧೋ ಎನ್ನುವ ನೀರು, ಬಿ ವಿಂಗಿಗೆ ದಾರ. ಲೆಕ್ಕಕ್ಕೆ ಇಬ್ಬರದೂ ಸಮ. ಇದನ್ನು ಜೋಡಿಸಿದವಳು, ಬೆಳಗನ್ನೆಲ್ಲ ಎ ವಿಂಗಿಗೇ ಬೀಗ ಹಾಕಿಕೊಟ್ಟವಳು, ದಿನಕ್ಕೊಮ್ಮೆ ತುದಿ ಬದಲಾಗುವ ಬಾಲ್ದಿ ಸಾಲಿನಲ್ಲಿ ನಿಂತು ಬೆಳೆದವಳು.

ಆ ಸಂಜೆ ಅವಳು ಠಾಣೆಯಲ್ಲಿ ಇಳಿದವಳೇ ಪಂಪ್ ರೂಮಿಗೆ ಹೋದಳು, ಹಳೆಯ ಪಾಸ್‌ವರ್ಡಿಗೆ ಪರದೆ ತೆರೆಯಲಿಲ್ಲ. ಅಲ್ಲಿಂದ ನೇರ ಪೂವಪ್ಪನ ಮನೆಗೆ ಹೋದಳು. ತಪ್ಪು ತನ್ನದೇ ಎಂದಳು. ಒಂದು ಡಬ್ಬಿ ಬದಲಾಯಿಸಿದರೆ ಸಾಕು, ಸೊನ್ನೆ ಒಂದು, ಒಂದು ಸೊನ್ನೆ ಎಂದಾಗುತ್ತದೆ, ಇವತ್ತಿನ ಬೆಳಗು ಇವರಿಗಾದರೆ ನಾಳಿನದು ಅವರಿಗೆ ಎಂದು ಬಿಡಿಸಿ ಹೇಳಿದಳು.

ಪೂವಪ್ಪ ನಕ್ಕ. "ಈಗ ಗೊತ್ತಾದದ್ದಾ ನಿನಗೆ?"

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಅವನಿಗೆ ಮೊದಲೇ ಗೊತ್ತಿತ್ತು. ದಿನಾ ಬೆಳಿಗ್ಗೆ ಮೇಲ್ಟಾಕಿ ತುಂಬಿ ಸುರಿಯುವ ಸದ್ದು ಅವನ ಮನೆಯ ನೆತ್ತಿಯ ಮೇಲೇ ಕೇಳುತ್ತಿತ್ತಲ್ಲ.

"ಪಂಪ್ ರೂಮಿನ ಪಾಸ್‌ವರ್ಡ್ ಬದಲಾಗಿದೆ ಅಂತ ಕಾಣ್ತದೆ" ಎಂದಳು.

"ಸೆಕ್ಯೂರಿಟಿಗೆ ಮಾರಾಯ್ತಿ. ಯಾರ್ಯಾರೋ ಮುಟ್ಟುದು ಬೇಡ ಅಂತ. ನಿನಗೆ ಬೇಕಾದರೆ ಜನರಲ್ ಬಾಡಿ ಮೀಟಿಂಗಿನಲ್ಲಿ ಹಾಕು."

ಹಾಕಿದಳು. ಎ ವಿಂಗಿನಲ್ಲಿ ಫ್ಲ್ಯಾಟು ಹೆಚ್ಚು, ಕೈಗಳೂ ಹೆಚ್ಚು. ಪೂವಪ್ಪ ಎದ್ದು ನಿಂತು, "ಸಿಸ್ಟಮ್ ಇವರೇ ಮಾಡಿದ್ದು. ಒಮ್ಮೆ ಇವರಿಗೆ, ಒಮ್ಮೆ ನಮಗೆ. ಆಲ್ಟರ್ನೇಟ್ ಅಂದ್ರೆ ಆಲ್ಟರ್ನೇಟ್. ಇನ್ನು ಬೆಳಗು ಬೇರೆ ಬೇಕಂತೆ" ಎಂದ. ಹಿಂದಿನಿಂದ ಯಾರೋ "ಘರ್ ಫ್ರೀ ಮೇ ಮಿಲಾ, ಅಬ್ ಸುಬಹ್ ಭೀ ಫ್ರೀ ಮೇ ಚಾಹಿಯೇ" ಎಂದರು, ಮನೆ ಪುಕ್ಕಟೆ ಸಿಕ್ಕಿತು, ಈಗ ಬೆಳಗೂ ಪುಕ್ಕಟೆ ಬೇಕಂತೆ ಎಂದು. ನಗು ಎದ್ದಿತು. ಮೋಸ ಮಾಡಿದವನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಮೋಸಕ್ಕೆ ನಿಮ್ಮದೇ ಕೈಬರಹ ತೋರಿಸಿ ನಗುವವನ ಮೇಲೆ ಬರುವ ಸಿಟ್ಟಿಗೆ ಹೆಸರಿಲ್ಲ.

ಗಿರಿಜವ್ವ ಮೀಟಿಂಗಿಗೆ ಬಂದಿರಲಿಲ್ಲ. ಸೊಸೆ ಪೂನಂ ಬಂದಿದ್ದಳು. ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು, ಮೂರು ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡುವವಳು. ಮರುದಿನ ಮೆಟ್ಟಿಲಲ್ಲಿ ಸಿಕ್ಕಿ, "ದೀದಿ, ಅತ್ತೆಗೆ ನಾ ಹೇಳ್ದೆ, ನೀವು ಲಡಾಯಿ ಮಾಡಿದ್ರಿ ಅಂತ. ಸುನ್ತೀ ಹೀ ನಹೀ, ಕೇಳೋದೇ ಇಲ್ಲ. ಭಾಂಡೀ ಪಾತ್ರೆ ಎಲ್ಲಾ ಚೀಲಕ್ಕೆ ತುಂಬ್ತಾ ಇದಾರೆ" ಎಂದಳು.

ಮೇ ತಿಂಗಳಲ್ಲಿ ಒಂದು ದಿನ ರಸ್ತೆ ಅಗೆಯುವ ಯಂತ್ರ ದೊಡ್ಡ ಪೈಪಿಗೆ ಹಲ್ಲು ಹಾಕಿತು. ಆ ಸಂಜೆ ಇಡೀ ಗಲ್ಲಿಗೆ ನೀರೇ ಬರಲಿಲ್ಲ. ನೀರು ಬರದಿದ್ದರೆ ಎಣಿಕೆಯ ಡಬ್ಬಿ ಎಣಿಸುವುದಿಲ್ಲ, ಅದನ್ನು ಹಾಗೆಯೇ ಜೋಡಿಸಿದ್ದಲ್ಲವೇ? ಸಂಜೆಗೆ ಬರಬೇಕಿದ್ದ ಒಂದು ಎಂಬ ಅಂಕಿ ಕಾದು ಕೂತಿತು. ಮರುದಿನ ಬೆಳಿಗ್ಗೆ ನೀರು ಧೋ ಎಂದು ಬಂದಾಗ ಅದರ ಪಾಳಿ. ಬಿ ವಿಂಗಿನ ಮೇಲ್ಟಾಕಿ ತುಂಬಿ ಸುರಿಯಿತು. ಸಂಜೆಯ ದಾರ ಎ ವಿಂಗಿಗೆ ಹೋಯಿತು. ಅದರ ಮರುದಿನವೂ ಹಾಗೆಯೇ.

ಎರಡೇ ದಿನ ಸ್ವಾಮಿ. ಮಾರ್ಚಿನಿಂದ ಒಣಗಿದವರು ಮೆಟ್ಟಿಲಲ್ಲಿ ಗೊಣಗಿಕೊಂಡು ಕೊಡ ಹೊತ್ತಿದ್ದರು. ಎರಡು ದಿನ ಒಣಗಿದವರು ವಾಟ್ಸಾಪ್ ಗ್ರೂಪಿಗೆ ಬೆಂಕಿ ಹಚ್ಚಿದರು. ಖಾಲಿ ಬಾತ್‌ಟಬ್ಬಿನ ಫೋಟೋ ಬಂತು, ಟ್ಯಾಂಕರಿಗೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಬಂತು, ಕಮಿಟಿ ರಾಜೀನಾಮೆ ಕೊಡಲಿ ಎಂಬ ಮಾತೂ ಬಂತು. ಭಾನುವಾರ ಬೆಳಿಗ್ಗೆ ಪೂವಪ್ಪ ತಾನೇ ಬಿ ವಿಂಗಿನ ಲಿಫ್ಟು ಹತ್ತಿ ಬಂದು ಜಯಲತಾಳ ಬೆಲ್ ಒತ್ತಿದ. "ಸಿಸ್ಟಮ್ ಹಾಳಾಗಿದೆ. ಬಾ, ಸ್ವಲ್ಪ ಸರಿ ಮಾಡಿ ಕೊಡು."

ಪಂಪ್ ರೂಮಿನ ಬಾಗಿಲಲ್ಲಿ ಆಗಲೇ ಎರಡೂ ವಿಂಗಿನ ಜನ. ಸುದ್ದಿಗೆ ಲಿಫ್ಟು ಬೇಕಾಗುವುದಿಲ್ಲ. ಹಿಂದೆ ಗೋಡೆಗೊರಗಿ, ಸೆರಗು ಬಿಗಿದು ಗಿರಿಜವ್ವನೂ ನಿಂತಿದ್ದಳು. ಪೂವಪ್ಪ ಪಾಸ್‌ವರ್ಡ್ ಹಾಕಿ ಪರದೆ ತೆರೆದ. ಜಯಲತಾ ಸ್ಟೂಲಿನ ಮೇಲೆ ಕೂತು ನೋಡಿದಳು.

"ಎಂತ ಹಾಳಾಗಿದೆ? ಎಲ್ಲ ಸರಿ ಉಂಟಲ್ಲ. ಒಮ್ಮೆ ನಿಮಗೆ, ಒಮ್ಮೆ ನಮಗೆ."

"ಅದು ಹೌದು. ಆದರೆ ನಮಗೆ ಸಂಜೆ ಬರ್ತಾ ಉಂಟು."

"ಬಂದರೆ ಎಂತ? ಬರ್ತದಲ್ಲ."

"ದಿನಾ ಸಂಜೆಯೇ ಬಂದರೆ ಸಾಕಾಗ್ತದಾ ಜಯಲತಾ? ಸಂಜೆಯ ನೀರು ಒಂದು ನೀರಾ?"

ಅವಳು ಕನ್ನಡಕ ತೆಗೆದಳು. "ಇನ್ನೊಮ್ಮೆ ಹೇಳಿ ಪೂವಪ್ಪಣ್ಣ. ಹಿಂದೆ ನಿಂತವರಿಗೆ ಕೇಳಲಿಲ್ಲ."

ಯಾರೂ ನಗಲಿಲ್ಲ. ಪೂವಪ್ಪನ ಕುತ್ತಿಗೆ ಕೆಂಪಾಯಿತು. "ನಿನ್ನ ಅಪ್ಪ ನನ್ನ ಅನ್ನ ತಿಂದವ. ಅದು ನೆನಪಿರ್ಲಿ."

"ತಿಂದದ್ದು ಹೌದು. ಗಲ್ಲೆಗೆ ಕೂತು ದುಡಿದು ತಿಂದದ್ದು. ಕೂತಷ್ಟು ದಿನ ನಿಮ್ಮ ಗಲ್ಲೆಯಿಂದ ಒಂದು ಪೈಸೆ ಆಚೀಚೆ ಆಗ್ಲಿಲ್ಲ. ನೀವು ನಮ್ಮ ಒಂದು ಬೇಸಗೆಯ ಬೆಳಗು ಪೂರ್ತಿ ಎತ್ತಿಕೊಂಡ್ರಿ, ಗೊತ್ತಿದ್ದೇ ಎತ್ತಿಕೊಂಡ್ರಿ. ಅದೂ ನನ್ನ ಕೈಯಿಂದ. ಸರಿ, ನಾನು ಮುಟ್ಟುದಿಲ್ಲ. ಆಲ್ಟರ್ನೇಟ್ ಅಂದ್ರೆ ಆಲ್ಟರ್ನೇಟ್. ಇರ್ಲಿ ಹೀಗೇ."

ಅವಳು ಏಳಹೊರಟಾಗ ಬಿ ವಿಂಗಿನವರ ಮುಖಗಳು ಅರಳಿದವು. ಪೂನಂ ಅವಳ ಕಿವಿಯ ಹತ್ತಿರ ಬಗ್ಗಿ, "ರೆಹ್ನೇ ದೋ ದೀದಿ, ಇರ್ಲಿ ಬಿಡಿ, ಭಾರೀ ಚಲೋ ಆಯ್ತು. ಈಗ ಬೆಳಿಗ್ಗೆ ನಮ್ದು" ಎಂದಳು. ಜಯಲತಾ ತಿರುಗಿ ಗಿರಿಜವ್ವನತ್ತ ನೋಡಿದಳು. ಇದನ್ನು ಹೀಗೇ ಬಿಟ್ಟರೆ ದಿನಾ ಬೆಳಿಗ್ಗೆ ಆ ಮನೆಯಲ್ಲಿ ಎಸರು ಕುದಿಯುತ್ತದೆ, ಚೀಲಕ್ಕೆ ತುಂಬಿದ ಪಾತ್ರೆ ಹೊರಗೆ ಬರುತ್ತದೆ, ಬದಲಾಪುರದ ಮಾತು ಮುಗಿಯುತ್ತದೆ. ಬಿಟ್ಟುಬಿಡಲು ಏನೂ ಮಾಡಬೇಕಾಗಿರಲಿಲ್ಲ, ಎದ್ದು ಹೋದರಾಯಿತು. ಗಿರಿಜವ್ವನ ಮುಖದಲ್ಲಿ ಹೂಂ ಇರಲಿಲ್ಲ, ಊಹೂಂ ಇರಲಿಲ್ಲ.

ಜಯಲತಾ ಮತ್ತೆ ಕೂತಳು.

"ಸಂಜೆಯ ನೀರು ನೀರಲ್ಲ ಅಂತ ಈಗ ಎರಡೂ ವಿಂಗಿಗೆ ಗೊತ್ತಾಯ್ತು. ದಿನಕ್ಕೊಮ್ಮೆ ಪಾಳಿ ತಿರುಗಿಸ್ತೇನೆ. ಇವತ್ತು ನಿಮ್ಮ ಬೆಳಗು, ನಾಳೆ ನಮ್ಮದು. ಒಪ್ಪದಿದ್ದರೆ ಈಗಲೇ ಹೇಳಿ, ಎದ್ದು ಹೋಗ್ತೇನೆ."

ಪೂವಪ್ಪ ಬಾಯಿ ತೆರೆಯುವ ಮೊದಲೇ ಎ ವಿಂಗಿನ ಒಬ್ಬ ಹೆಂಗಸು, "ಅರೆ ಕರ್ ದೋ ನಾ ಬಾಬಾ, ಏಕ್ ದಿನ್ ಛೋಡ್ ಕೇ ಭೀ ಚಲೇಗಾ" ಎಂದಳು, ದಿನ ಬಿಟ್ಟು ದಿನವಾದರೂ ನಡೆದೀತು ಎಂದು. ಅವಳ ಹಿಂದೆ ಹತ್ತು ತಲೆ ಅಲ್ಲಾಡಿದವು. ತಮ್ಮ ನಳ ಒಣಗಿದಾಗ ಮನುಷ್ಯರಿಗೆ ನ್ಯಾಯ ಎಷ್ಟು ಬೇಗ ಅರ್ಥವಾಗುತ್ತದೆ.

ಜಯಲತಾ ಶೇಷದ ಡಬ್ಬಿಯ ತಂತಿ ಕಿತ್ತಳು. ಅಲ್ಲಿ ಪುನರಾವರ್ತನೆಯ ಡಬ್ಬಿ ಇಟ್ಟು, ಅದರೊಳಗೆ ನಾಲ್ಕು ಅಂಕಿ ಹಾಕಿದಳು. ಸೊನ್ನೆ, ಒಂದು, ಒಂದು, ಸೊನ್ನೆ. ಎಣಿಕೆಯನ್ನು ಬಂದ ನೀರಿಗಲ್ಲ, ಗಡಿಯಾರದ ಬೆಳಿಗ್ಗೆ ಸಂಜೆಗೆ ಕಟ್ಟಿದಳು, ಇನ್ನು ಯಾವ ಪೈಪು ಒಡೆದರೂ ಪಾಳಿ ಜಾರದ ಹಾಗೆ. ಪರದೆಯ ಮೇಲೆ ಸಾಲು ಇಳಿಯಿತು. ಯಾರೂ ಕಾಯಿ ಒಡೆಯಲಿಲ್ಲ. ಗಿರಿಜವ್ವ ಲಿಫ್ಟಿನ ಕಡೆ ನಡೆದಳು.

ವಾರದೊಳಗೆ ನೋಟಿಸ್ ಬೋರ್ಡಿನಲ್ಲಿ ಚೇರ್ಮನ್ನರ ಸಹಿಯ ಕಾಗದ ಬಂತು. ಮ್ಯಾನೇಜಿಂಗ್ ಕಮಿಟಿಯ ಸತತ ಪ್ರಯತ್ನದಿಂದ ಎರಡೂ ವಿಂಗಿಗೆ ಸಮಾನ ನೀರಿನ ಸೌಲಭ್ಯ ಎಂದು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಅಚ್ಚಾಗಿತ್ತು. ಜಯಲತಾ ಅದರೆದುರು ನಿಂತು ತುಳುವಿನಲ್ಲಿ ಏನೋ ಅಂದಳು. ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಬಿ ವಿಂಗಿನ ಬೆಳಗು ಬಂದಾಗಲೆಲ್ಲ ಮೇಲಿನ ಮಹಡಿಯಿಂದ ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳತೊಡಗಿತು. ಒಣಗಿಸಿದ ಕಟಕ್ ರೊಟ್ಟಿ ಕೆಡುವುದಿಲ್ಲವಲ್ಲ, ಒಂದು ದಿನ ಬಡಿದದ್ದು ಎರಡು ದಿನಕ್ಕಾಯಿತು. ಕಲ್ಯಾಣದ ಮೆಸ್ಸಿನವನು ತಿರುಗಿ ಬಂದ. ಬದಲಾಪುರದ ಮನೆ ಬೇರೆಯವರಿಗೆ ಹೋಯಿತು.

ಶನಿವಾರ ಬಾಗಿಲು ಬಡಿದ ಸದ್ದಿಗೆ ಜಯಲತಾ ತೆರೆದರೆ ಗಿರಿಜವ್ವ ತಾನೇ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಗಂಟು.

"ನಮ್ಮ ಪಾಳಿ ಬಂದಾಗ ಅದನ್ನ ಅರ್ಧ ಅವರಿಗೆ ಹಂಚಿದಿ. ಎಷ್ಟು ಶಾಣ್ಯಾಕಿ ಇದ್ದೀಯವಾ."

"ಮತ್ತೆ ಎಂತ ಮಾಡ್ಬೇಕಿತ್ತು? ಅವರ ಹಾಗೆ ನಾವೂ ಮಾಡುದಾ?"

"ಮಾಡಿದ್ದರ ನಾನು ಬದಲಾಪುರಕ್ಕ ಹೋಗೇ ಬಿಡ್ತಿದ್ದೆ. ಅಂಥಾಕಿನ್ನ ಬೆಳಸೀನಿ ಅಂತ ಮುಖಾ ತಗೊಂಡು ಇಲ್ಲಿ ಇರಾಕ ಆಗತಿರಲಿಲ್ಲ." ಗಂಟನ್ನು ಅವಳ ಕೈಗೆ ತುರುಕಿದಳು. "ಆದರ ಲೆಕ್ಕ ಸರಿ ಉಂಟು ಅಂತ ಮೆಟ್ಟಲದಾಗ ನಿಂತು ಅಂದಿದ್ದಿ ನೋಡು, ಆ ಸಿಟ್ಟು ಇನ್ನೂ ಇಳದಿಲ್ಲ. ಇಳದ ಮ್ಯಾಲೆ ಹೇಳತೀನಿ. ಅಲ್ಲೀತನಕಾ ತಿನ್ನು."